ತಡವಾಗಿ ಬಂದ ತಡೆ

ಚಿರಂಜೀವಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಮೇಲಧಿಕಾರಿಗೆ ರಾಜೀನಾಮೆ ಕಳಿಸಿ, ಹನ್ನೊಂದೂಕಾಲಿಗೆ ನನಗೆ ಫೋನ್ ಮಾಡಿ ಬಿಕ್ಕಿದೆಯಲ್ಲ, ಆ ಧ್ವನಿ ಇನ್ನೂ ಕಿವಿಯಲ್ಲಿದೆ. "ನನಗೆ ಬುದ್ಧಿಯೇ ಇಲ್ಲ ಚಿಕ್ಕಪ್ಪ" ಎಂದೆ. ಆ ಮಾತನ್ನು ನಾನು ಒಪ್ಪುವುದಿಲ್ಲ ಮಗಳೇ.

ಸಂಶೋಧಕರು ಮಾಡಿಸುವ ಒಂದು ಪರೀಕ್ಷೆಯಿದೆ. ಪರದೆಯ ಮೇಲೆ ಬಾಣ ಮೂಡಿದೊಡನೆ ಗುಂಡಿ ಒತ್ತಬೇಕು. ನಡುವೆ ಬೀಪ್ ಸದ್ದು ಕೇಳಿದರೆ ಒತ್ತಬಾರದು. ನಿಯಮ ಎಲ್ಲರಿಗೂ ಅರ್ಥವಾಗಿರುತ್ತದೆ. ಆದರೂ ನಿನಗಿರುವಂಥ, ಗಮನ ನಿಲ್ಲದ, ದುಡುಕುವ ತೊಂದರೆಯಾದ ಎಡಿಎಚ್‌ಡಿ ಇರುವವರಿಗೆ ಕೈ ತಡೆಯಲು ಸರಾಸರಿಯಲ್ಲಿ ತುಸು ಹೆಚ್ಚು ಹೊತ್ತು ಬೇಕಾಗುತ್ತದೆ. ಅಷ್ಟರಲ್ಲಿ ಬೆರಳು ಒತ್ತಿಬಿಟ್ಟಿರುತ್ತದೆ. ಆ ಹೊತ್ತಿನಲ್ಲೇ ಮಿದುಳಿನ ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳಲ್ಲಿ, ತಡೆಯುವ ಕೆಲಸದಲ್ಲಿ ತೊಡಗುವ ಬಲಗಡೆಯ ಮುಂಭಾಗದ ಕೆಳಮಡಿಕೆಯಲ್ಲಿ ಚಟುವಟಿಕೆ ಕಡಿಮೆ ಕಂಡಿದೆ. ಈ ಭಾಗವನ್ನು ಹದದಲ್ಲಿಡುವ ಮಿದುಳಿನ ರಾಸಾಯನಿಕಗಳು ಡೋಪಮೈನ್, ನಾರ್‌ಅಡ್ರಿನಲಿನ್. ನಿನ್ನ ಮಾತ್ರೆ ಕೆಲಸ ಮಾಡುವುದೂ ಅವುಗಳ ಮೇಲೆಯೇ. ಇದೆಲ್ಲ ಗುಂಪಿನ ಸರಾಸರಿ, ನಿನ್ನೊಬ್ಬಳ ಸ್ಕ್ಯಾನ್ ನೋಡಿ ಯಾರೂ ಏನನ್ನೂ ತೀರ್ಮಾನಿಸಲಾರರು. ಆದರೂ ಆ ರಾತ್ರಿ ನಡೆದದ್ದು ನನಗೆ ಹೀಗೇ ಕಾಣುತ್ತದೆ: ಬುದ್ಧಿ ಇತ್ತು, ತಡೆ ತಡವಾಗಿ ಬಂತು.

ಇದು ವಂಶದಲ್ಲಿ ಹರಿದು ಬರುವಂಥದ್ದು. ಚಿಕ್ಕಂದಿನಲ್ಲಿ ನನಗೂ ದುಡುಕ ಎಂಬ ಹೆಸರಿತ್ತು. ಎಷ್ಟು ಬೈದರೂ ನನ್ನ ತಡೆ ಒಂದು ಕ್ಷಣವೂ ಬೇಗ ಬರಲಿಲ್ಲ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಡಿಎಚ್‌ಡಿ ಇರುವ ಮಕ್ಕಳ ಮಿದುಳಿನ ಹೊರಪದರ ತನ್ನ ಗರಿಷ್ಠ ದಪ್ಪ ಮುಟ್ಟಿದ್ದು ಇತರರಿಗಿಂತ ಸುಮಾರು 3 ವರ್ಷ ತಡವಾಗಿ. ಮುಂಭಾಗದಲ್ಲೇ ಆ ತಡ ಹೆಚ್ಚು. ಓದಿದ ದಿನ ನನಗೆ ಚಿಕ್ಕಂದಿನ ಆ ದುಡುಕ ಹುಡುಗನ ಮೇಲೆ ಮೊದಲ ಬಾರಿ ಕರುಣೆ ಹುಟ್ಟಿತು.

ಆದ್ದರಿಂದ "ಇನ್ನು ಕೋಪಿಸಿಕೊಳ್ಳುವುದಿಲ್ಲ" ಎಂಬ ಶಪಥ ಬೇಡ, ಸಿಟ್ಟಿನ ಗಳಿಗೆಯಲ್ಲಿ ಅದು ನೆನಪಿಗೇ ಬರುವುದಿಲ್ಲ. "ಕೆನ್ನೆ ಬಿಸಿಯಾದರೆ ಫೋನ್ ಮಗುಚಿಡುತ್ತೇನೆ" ಎಂದು ಒಂದೇ ಒಂದು ಕೆಲಸವನ್ನು ಮೊದಲೇ ಗೊತ್ತುಮಾಡಿಕೋ. ಹೀಗೆ "ಇಂಥದ್ದಾದರೆ ಇಂಥದ್ದು ಮಾಡುತ್ತೇನೆ" ಎಂದು ನಿಶ್ಚಯಿಸಿಕೊಂಡ ಎಡಿಎಚ್‌ಡಿ ಮಕ್ಕಳು ಅಂಥ ಪರೀಕ್ಷೆಗಳಲ್ಲಿ ಚೆನ್ನಾಗಿ ತಡೆದುಕೊಂಡದ್ದುಂಟು. ಇಮೇಲ್ ತಡವಾಗಿ ಹೋಗುವಂತೆ ಸೆಟ್ಟಿಂಗ್ ಬದಲಿಸು. ಸಿಟ್ಟಿನ ಮಾತುಗಳನ್ನು ಕಾಗದದ ಮೇಲೆ ಬರೆ, ಕಾಗದಕ್ಕೆ ಕಳಿಸುವ ಗುಂಡಿಯಿಲ್ಲ. ನಿದ್ದೆಗೆಡಬೇಡ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡ.

ನಾಳೆ ಬೆಳಿಗ್ಗೆ ಅಧಿಕಾರಿಯನ್ನು ಮುಖಾಮುಖಿ ಕಂಡು ಮಾತನಾಡು. ತಪ್ಪಾಯಿತೆಂದು ಹೇಳು, ಕಾಯಿಲೆಯ ವಿಷಯ ಹೇಳುವುದು, ಬಿಡುವುದು ನಿನ್ನ ಇಷ್ಟ. ಕೆಲಸ ಉಳಿಯದಿದ್ದರೂ ನಾವಿದ್ದೇವೆ.

ಇನ್ನು ಮೇಲೆ ಹನ್ನೊಂದೂಕಾಲಿಗಲ್ಲ, ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಫೋನ್ ಮಾಡು. ಎದ್ದಿರುತ್ತೇನೆ.

ಇಂತಿ,
ನಿನ್ನ ಚಿಕ್ಕಪ್ಪ