ಸ್ಕೀ ಕಲಿಯಲು ಗುಲ್ಮಾರ್ಗ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಸತೀಶ,

ನಿನ್ನ ಮೆಸೇಜ್ ಓದಿದೆ. ಕ್ರಿಸ್‌ಮಸ್ ರಜೆಗೆ ಮನೆಮಂದಿಯೆಲ್ಲ ಗುಲ್ಮಾರ್ಗ್, ಒಟ್ಟು ನಾಲ್ಕು ದಿನ, ಅಷ್ಟರಲ್ಲಿ ಸ್ಕೀಯಿಂಗ್ ಕಲಿತು, ಕೊನೇ ದಿನ ಗೊಂಡೊಲಾದಲ್ಲಿ, ಅಂದರೆ ಅಲ್ಲಿನ ಕೇಬಲ್ ಕಾರಿನಲ್ಲಿ, ತುತ್ತತುದಿಗೆ ಹೋಗಿ ಅಲ್ಲಿಂದ ಜಾರಿಕೊಂಡು ಬರುವುದು. ಖುಷಿಯೂ ಆಯಿತು, ನಗುವೂ ಬಂತು. ಹೋಗಬೇಡ ಅಂತ ಹೇಳುತ್ತಿಲ್ಲ ಮಾರಾಯ, ಖಂಡಿತ ಹೋಗು. ಆದರೆ ತಾರೀಕು ಬದಲಾಯಿಸು, ತುತ್ತತುದಿಯ ಆಸೆ ಈ ಸಲಕ್ಕೆ ಬಿಡು. ಇದೇ ಪ್ರಶ್ನೆಯನ್ನು ಬೇರೆಯವರೂ ಕೇಳುತ್ತಿರುತ್ತಾರೆ, ಅದಕ್ಕೇ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ತಾರೀಕಿನ ವಿಷಯ. ಚಳಿಗಾಲ ಅಂದರೆ ಹಿಮ ಇದ್ದೇ ಇರುತ್ತದೆ ಅಂತ ನಾವು ಬೆಂಗಳೂರಿನಲ್ಲಿ ಕೂತು ಅಂದುಕೊಳ್ಳುತ್ತೇವೆ. ಚಳಿ ಬೇರೆ, ಹಿಮ ಬೇರೆ. ಕಾಶ್ಮೀರದವರು ಡಿಸೆಂಬರ್ 21ರಿಂದ 40 ದಿನಗಳ ಕಾಲವನ್ನು ಚಿಲ್ಲೈ ಕಲಾನ್ ಅನ್ನುತ್ತಾರೆ, ವರ್ಷದ ಅತಿ ಕಠಿಣ ಚಳಿ ಅದು. ಅದಾದ ಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ. ನೀನು ಹೋಗಬೇಕು ಅಂದುಕೊಂಡಿರುವ ಹೊತ್ತಿಗೆ ಈ ಲೆಕ್ಕ ಈಗಷ್ಟೇ ಶುರುವಾಗಿರುತ್ತದೆ. ಕೊರೆಯುವ ಚಳಿ ಇರುತ್ತದೆ, ಆದರೆ ನೆಲದ ಮೇಲೆ ಹಿಮ ಇನ್ನೂ ಸರಿಯಾಗಿ ಕೂತಿರುವುದಿಲ್ಲ. ಕಲ್ಲು, ಪೊದೆ, ಹಳ್ಳ ಎಲ್ಲ ಮುಚ್ಚುವಷ್ಟು ದಪ್ಪದ ತಳ ಆಗಬೇಕಾದರೆ ಒಂದು ಸಲ ಬಿದ್ದ ಹಿಮ ಸಾಲದು. ಮತ್ತೆ ಮತ್ತೆ ಬೀಳಬೇಕು, ಕುಸಿದು ಗಟ್ಟಿಯಾಗಬೇಕು, ಅದರ ಮೇಲೆ ಇನ್ನಷ್ಟು ಬೀಳಬೇಕು.

ಅಲ್ಲಿಗೆ ಹಿಮ ತರುವುದು ನಮ್ಮ ಮುಂಗಾರು ಅಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಮೋಡಗಳ ಸರಣಿ. ಹವಾಮಾನ ಇಲಾಖೆಯವರು ಪಶ್ಚಿಮದ ಕ್ಷೋಭೆ ಅನ್ನುತ್ತಾರಲ್ಲ, ಅದೇ. ಅವು ಬಂದರೆ ಎರಡು ದಿನದಲ್ಲಿ ಸೊಂಟದವರೆಗೆ ಹಿಮ. ಬರದಿದ್ದರೆ ಬರೀ ಒಣ ಚಳಿ. 2024ರ ಜನವರಿಯಲ್ಲಿ ಹಾಗೇ ಆಯಿತು, ನೆನಪಿದೆಯಾ? ಗುಲ್ಮಾರ್ಗ್‌ನ ಇಳಿಜಾರುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದ ಫೋಟೊಗಳು ಎಲ್ಲೆಡೆ ಓಡಾಡಿದವು. ತಿಂಗಳ ಕೊನೆಗೆ ಹಿಮ ಬಿತ್ತು, ಅಷ್ಟರಲ್ಲಿ ಎಷ್ಟೋ ಜನ ಬುಕಿಂಗ್ ಕ್ಯಾನ್ಸಲ್ ಮಾಡಿ ಆಗಿತ್ತು. 2025ರಲ್ಲಿ ಇನ್ನೊಂದು ಥರ. ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಬೇಕಾಯಿತು. ಸರ್ಕಾರದ ಕ್ರೀಡಾಕೂಟಕ್ಕೇ ಈ ಗತಿ ಅಂದಮೇಲೆ ನಿನ್ನ ನಾಲ್ಕು ದಿನದ ರಜೆ ಯಾವ ಲೆಕ್ಕ?

ಅದಕ್ಕೇ ಹೇಳುವುದು, ಜನವರಿ ಕೊನೇ ವಾರದಿಂದ ಫೆಬ್ರವರಿ ಮುಗಿಯುವವರೆಗಿನ ಯಾವುದಾದರೂ ವಾರ ಹಿಡಿ. ಅದೂ ಗ್ಯಾರಂಟಿ ಅಲ್ಲ, ಆದರೆ ಹಿಮ ಸಿಗುವ ಸಂಭವ ಜಾಸ್ತಿ. ವಿಮಾನದ ಟಿಕೆಟನ್ನು ದಿನ ಬದಲಾಯಿಸಲು ಬರುವ ಹಾಗೆ ಮಾಡಿಸು. ಹೊರಡುವ ಹದಿನೈದು ದಿನ ಮುಂಚಿನಿಂದ ಶ್ರೀನಗರದ ಹವಾಮಾನ ಕೇಂದ್ರದ ಮುನ್ಸೂಚನೆ ನೋಡುತ್ತಾ ಇರು. ಉಳಿಯುವ ಹೋಟೆಲಿಗೆ ಫೋನ್ ಮಾಡಿ "ಹಿಮ ಇದೆಯಾ" ಅಂತ ಕೇಳಬೇಡ, ಇದೆ ಅಂತಲೇ ಹೇಳುತ್ತಾರೆ. ಇವತ್ತು ಬೆಳಿಗ್ಗೆ ತೆಗೆದ ಒಂದು ವಿಡಿಯೊ ಕಳಿಸಿ ಅನ್ನು.

ಇನ್ನು ಹಿಮದ ಗುಣ. ಗುಲ್ಮಾರ್ಗ್ ಅಂದರೆ ಹೊರದೇಶದವರು ಬಾಯಿ ಬಾಯಿ ಬಿಡುವುದು ಅಲ್ಲಿನ ಪೌಡರ್‌ಗೆ. ಈಗಷ್ಟೇ ಬಿದ್ದ, ಹಗುರವಾದ, ಒಣ ಹಿಮ. ವಿಡಿಯೊದಲ್ಲಿ ಎದೆಮಟ್ಟ ಪುಡಿ ಹಾರಿಸುತ್ತಾ ಇಳಿಯುತ್ತಾರಲ್ಲ, ಅದು. ನೋಡಲು ಚೆಂದ, ಹೊಸಬರಿಗೆ ಮಾತ್ರ ಅದು ಶತ್ರು. ಸ್ಕೀ ಕಲಿಯುವಾಗ ಮೊದಲು ಹೇಳಿಕೊಡುವುದು ನಿಲ್ಲುವುದನ್ನು. ಎರಡೂ ಸ್ಕೀಗಳ, ಅಂದರೆ ಕಾಲಿಗೆ ಕಟ್ಟುವ ಉದ್ದ ಪಟ್ಟಿಗಳ, ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿ, ಒಳ ಅಂಚಿನಿಂದ ಹಿಮವನ್ನು ಒತ್ತಬೇಕು, ಆಗ ವೇಗ ಕಮ್ಮಿಯಾಗುತ್ತದೆ. ಸ್ನೋಪ್ಲೌ ಅನ್ನುತ್ತಾರೆ. ಆಳದ ಪೌಡರ್‌ನಲ್ಲಿ ಇದು ನಡೆಯುವುದೇ ಇಲ್ಲ, ಸ್ಕೀ ಒಳಗೆ ಹೋಗಿ ಕೂತಿರುತ್ತದೆ, ಅಗಲಿಸಲು ಆಗುವುದಿಲ್ಲ. ಬಿದ್ದರಂತೂ ಏಳಲು ಕೈ ಊರಿದರೆ ಕೈಯೂ ಭುಜದವರೆಗೆ ಒಳಗೆ. ಕಳಚಿದ ಸ್ಕೀ ಎಲ್ಲಿ ಹೋಯಿತು ಅಂತ ಅರ್ಧ ಗಂಟೆ ಹುಡುಕಬೇಕು.

ನಿನಗೆ ಬೇಕಾದದ್ದು ಮೆಷಿನ್ ಓಡಿಸಿ ಸಮ ಮಾಡಿದ, ಒತ್ತಿ ಗಟ್ಟಿಯಾದ ಹಿಮ. ಅದೂ ದಿನವಿಡೀ ಒಂದೇ ಥರ ಇರುವುದಿಲ್ಲ. ಬಿಸಿಲು ಬಿದ್ದು ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿದ್ದರೆ ಬೆಳಿಗ್ಗೆ ಎದ್ದ ಕೂಡಲೇ ಮೇಲ್ಮೈ ಗಾಜಿನಂತೆ ಗಟ್ಟಿ, ಸ್ಕೀಯ ಅಂಚು ಕಚ್ಚುವುದೇ ಇಲ್ಲ. ಸೂರ್ಯ ಸ್ವಲ್ಪ ಮೇಲೆ ಬಂದಮೇಲೆ ಒಂದೆರಡು ಗಂಟೆ ಅದ್ಭುತ, ಮೇಲಿನ ಪದರ ಮಾತ್ರ ಮೆತ್ತಗಾಗಿ ಸ್ಕೀ ಹೇಳಿದ ಮಾತು ಕೇಳುತ್ತದೆ. ಮಧ್ಯಾಹ್ನ ಆದಮೇಲೆ, ಅದರಲ್ಲೂ ಫೆಬ್ರವರಿ ಕೊನೆಗೆ, ಹಿಮ ಒದ್ದೆಯಾಗಿ ಭಾರವಾಗುತ್ತದೆ. ಆಗ ತಿರುಗಲು ಹೋದರೆ ಗದ್ದೆ ಕೆಸರಲ್ಲಿ ಕಾಲು ಹೂತ ಹಾಗೆ, ಮೈ ತಿರುಗುತ್ತದೆ, ಕಾಲು ತಿರುಗುವುದಿಲ್ಲ, ನಡುವೆ ಸಿಕ್ಕಿ ಹಾಕಿಕೊಳ್ಳುವುದು ಪಾಪ ಮೊಣಕಾಲು. ಬೆಳಿಗ್ಗೆಯಿಂದ ಬಿದ್ದು ಎದ್ದು ಕಾಲೂ ಸೋತಿರುತ್ತದೆ. "ಇನ್ನೊಂದೇ ರೌಂಡ್" ಅಂತ ಅನ್ನಿಸಿದಾಗಲೇ ಬೂಟು ಕಳಚಿ ಕಹ್ವಾ, ಅದೇ ಕಾಶ್ಮೀರಿ ಚಹಾ, ಕುಡಿಯಲು ಹೋಗು.

ಮೋಡ ಕವಿದ ದಿನವೂ ಹುಷಾರು. ನೆರಳು ಇಲ್ಲ, ಎಲ್ಲ ಒಂದೇ ಬಿಳಿ. ಎದುರಿಗೆ ಉಬ್ಬಿದೆಯೋ ತಗ್ಗಿದೆಯೋ ಗೊತ್ತೇ ಆಗುವುದಿಲ್ಲ, ಕೆಲವೊಮ್ಮೆ ನೀನು ಚಲಿಸುತ್ತಿದ್ದೀಯೋ ನಿಂತಿದ್ದೀಯೋ ಅನ್ನುವುದೂ ತಿಳಿಯದೆ ತಲೆ ತಿರುಗುತ್ತದೆ. ಅಂಥ ಹೊತ್ತಿಗೆ ಹಳದಿ ಅಥವಾ ಕಿತ್ತಳೆ ಬಣ್ಣದ ಗಾಗಲ್ಸ್ ಸ್ವಲ್ಪ ಸಹಾಯ ಮಾಡುತ್ತದೆ. ಮರಗಳ ಹತ್ತಿರದ ಇಳಿಜಾರಿನಲ್ಲೇ ಇದ್ದರೆ ಇನ್ನೂ ಒಳ್ಳೆಯದು, ಕಣ್ಣಿಗೆ ಏನಾದರೂ ಕಪ್ಪು ಸಿಗುತ್ತದೆ.

ಬೂಟಿನ ವಿಷಯದಲ್ಲಿ ಮಾತ್ರ ಸಂಕೋಚ ಮಾಡಿಕೊಳ್ಳಬೇಡ. ಬಾಡಿಗೆ ಅಂಗಡಿಯಲ್ಲಿ ನಿನ್ನ ಹಿಂದೆ ಹತ್ತು ಜನ ನಿಂತಿರುತ್ತಾರೆ, ಅಂಗಡಿಯವನು ಅವಸರ ಮಾಡುತ್ತಾನೆ, ಸಡಿಲ ಬೂಟು ಹಾಯಾಗಿದೆ ಅಂತ ಒಪ್ಪಿಕೊಂಡು ಬಂದುಬಿಡುತ್ತೇವೆ. ಬೂಟು ಸಡಿಲ ಇದ್ದರೆ ನೀನು ಏನು ಮಾಡಿದರೂ ಸ್ಕೀಗೆ ಅದು ತಲುಪುವುದಿಲ್ಲ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮೊಣಕಾಲು ಮಡಚಿ ಮುಂದೆ ಬಾಗಿದಾಗ ಬೆರಳು ಸ್ವಲ್ಪ ಹಿಂದಕ್ಕೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ನಿಮ್ಮಮ್ಮ ಹೆಣೆದ ದಪ್ಪ ಉಣ್ಣೆ ಸಾಕ್ಸ್ ರೂಮಿನಲ್ಲಿ ಹಾಕಿಕೊ, ಸ್ಕೀ ಬೂಟಿನೊಳಗೆ ಒಂದೇ ಒಂದು ತೆಳು ಸಾಕ್ಸ್. ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ಥಂಡಿಯಾಗುತ್ತದೆ. ಆಮೇಲೆ, ಅಂಗಡಿಯವನು ತೂಕ ಕೇಳಿದರೆ ನಿಜ ಹೇಳು. ಸುಮ್ನೆ ಕೇಳುವುದಲ್ಲ ಅದು. ಬಿದ್ದಾಗ ಬೂಟಿನಿಂದ ಸ್ಕೀ ಕಳಚಿಕೊಳ್ಳುವ ಬೈಂಡಿಂಗ್ ಎಷ್ಟು ಬಿಗಿ ಇರಬೇಕು ಅಂತ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ ನೋಡಿ ಹೊಂದಿಸುತ್ತಾರೆ. "ನನಗೆ ಚೆನ್ನಾಗಿ ಬರುತ್ತದೆ" ಅಂತ ಜಂಬ ಕೊಚ್ಚಿಕೊಂಡರೆ ಜಾಸ್ತಿ ಬಿಗಿ ಮಾಡುತ್ತಾರೆ, ಬಿದ್ದಾಗ ಸ್ಕೀ ಬಿಡುವುದಿಲ್ಲ. ಅವರು ಏನೂ ಕೇಳದೆ ಕೊಟ್ಟರೆ ಬೇರೆ ಅಂಗಡಿಗೆ ಹೋಗು.

ಕಲಿಯುವುದು ಹೇಗೆ ಅಂತ ಪತ್ರದಲ್ಲಿ ಹೇಳಲು ಬರುವುದಿಲ್ಲ, ಆದರೂ ಒಂದು ಮಾತು. ಇಳಿಜಾರು ನೋಡಿದ ತಕ್ಷಣ ಮೈ ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ಹೆದರಿಕೆ ಅದು, ಎಲ್ಲರಿಗೂ ಆಗುತ್ತದೆ. ಹಿಂದೆ ವಾಲಿದರೆ ಸ್ಕೀಯ ಮುಂಭಾಗದ ಮೇಲೆ ಭಾರ ಇರುವುದಿಲ್ಲ, ಭಾರ ಇಲ್ಲದೆ ಅದು ತಿರುಗುವುದಿಲ್ಲ, ತಿರುಗದಿದ್ದರೆ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದರೆ ಇನ್ನಷ್ಟು ಹಿಂದೆ ವಾಲುತ್ತೀಯ. ಹೊಸಬರು ಬೀಳುವುದು ಜಾಸ್ತಿ ಹೀಗೆಯೇ. ಕಣಕಾಲಿನ ಮುಂಭಾಗ ಬೂಟಿಗೆ ಒತ್ತಿಕೊಂಡೇ ಇರಬೇಕು. ಎಡಕ್ಕೆ ಹೋಗಬೇಕಾದರೆ ಬಲಗಾಲಿನ ಮೇಲೆ ಭಾರ ಹಾಕು, ಬಲಕ್ಕೆ ಎಡಗಾಲು. ಬೀಳುವುದೇ ಆದರೆ ಪಕ್ಕಕ್ಕೆ, ಗುಡ್ಡದ ಕಡೆಗೆ ಬೀಳು. ಜಾರುವುದು ಪೂರ್ತಿ ನಿಂತಮೇಲಷ್ಟೇ ಏಳು, ಜಾರುತ್ತಿರುವಾಗಲೇ ಏಳಲು ಹೋಗಿ ಮಂಡಿ ಹಾಳು ಮಾಡಿಕೊಂಡವರಿದ್ದಾರೆ. ಏಳುವ ಮುಂಚೆ ಎರಡೂ ಸ್ಕೀ ನಿನಗಿಂತ ಕೆಳಗೆ, ಇಳಿಜಾರಿಗೆ ಅಡ್ಡ ಇರಲಿ.

ಮಗಳು ಸ್ನೋಬೋರ್ಡೇ ಬೇಕು ಅಂತ ಹಟ ಹಿಡಿದಿದ್ದಾಳೆ ಅಂದೆಯಲ್ಲ. ಹಿಡಿಯಲಿ ಬಿಡು. ಸ್ಕೀಯಲ್ಲಿ ಮೊದಲ ದಿನವೇ ಸ್ವಲ್ಪ ಜಾರಬಹುದು, ಆಮೇಲೆ ಚೆಂದವಾಗಿ ಕಲಿಯಲು ವರ್ಷಗಳು ಬೇಕು. ಬೋರ್ಡಿನಲ್ಲಿ ತಿರುಗುಮುರುಗು. ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತದೆ, ಮೊದಲೆರಡು ದಿನ ಬರೀ ಬೀಳುವುದೇ, ಹಿಂದೆ ಬಿದ್ದರೆ ಕುಂಡೆ, ಮುಂದೆ ಬಿದ್ದರೆ ಮಣಿಕಟ್ಟು. ಅದು ದಾಟಿದರೆ ಬೇಗ ಕೈಗೆ ಹತ್ತುತ್ತದೆ. ಮಣಿಕಟ್ಟಿಗೆ ಹಾಕುವ ಗಾರ್ಡ್ ಬೆಂಗಳೂರಿನಲ್ಲೇ ಕೊಂಡುಕೊ, ಸ್ಕೇಟಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಹೆಲ್ಮೆಟ್ ಇಬ್ಬರಿಗೂ ಬೇಕು, ಅದರಲ್ಲಿ ಚರ್ಚೆ ಇಲ್ಲ.

ಈಗ ತುತ್ತತುದಿಯ ಕಥೆ. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೊಲಾದ ಮೊದಲ ಹಂತ ಕೊಂಗ್‌ದೂರಿಯವರೆಗೆ, ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್. ಅಲ್ಲಿಂದ ಕೆಳಗೆ ಇಳಿಜಾರು ಕಡಿದು, ಹೊಸಬರಿಗೆ ಅಂತ ಏನೂ ಇಲ್ಲ. ಸ್ಕೀ ಗಸ್ತಿನವರು ನೋಡಿಕೊಳ್ಳುವ ಗಡಿ ದಾಟಿದರೆ ಹಿಮಕುಸಿತದ ಜಾಗ. 2023ರ ಫೆಬ್ರವರಿಯಲ್ಲಿ ಅಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರುಗಳು ಸತ್ತರು, ಮುಂದಿನ ವರ್ಷ ಅದೇ ತಿಂಗಳು ರಷ್ಯಾದ ಒಬ್ಬರು. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಭಾರಿ ಹಿಮ ಬಿದ್ದ ಬೆನ್ನಿಗೇ, ಅಂದರೆ ಪೌಡರ್ ಹುಚ್ಚರಿಗೆ ಅತಿ ಆಸೆಯಾಗುವ ಹೊತ್ತಿನಲ್ಲಿ. ಮೇಲೆ ಹೋಗಿ ಬೆಟ್ಟ ನೋಡು, ಫೋಟೊ ತೆಗಿ, ಅದೇ ಗೊಂಡೊಲಾದಲ್ಲಿ ಕೂತು ಕೆಳಗೆ ಬಾ. ಯಾವನಾದರೂ "ಸರ್, ನಾನು ಹಿಡಿದುಕೊಂಡು ಇಳಿಸುತ್ತೇನೆ" ಅಂದರೆ ಕೈಮುಗಿದು ಮುಂದೆ ಹೋಗು. ಕಲಿಯಲು ಕೆಳಗಿನ ಬಯಲಿನ ಅಂಚು ಸಾಕು. ಬೇಸಿಗೆಯಲ್ಲಿ ಗಾಲ್ಫ್ ಆಡುವ ಹುಲ್ಲುಗಾವಲು ಅದು, ಚಳಿಗಾಲದಲ್ಲಿ ಅಲ್ಲಿನ ಸಣ್ಣ ದಿಬ್ಬಗಳಲ್ಲೇ ಮಕ್ಕಳು ಸ್ಕೀ ಕಲಿಯುವುದು.

ನಾಲ್ಕು ದಿನ ಕಮ್ಮಿ ಆಯಿತು. ಒಂದು ದಿನ ಹವಾಮಾನಕ್ಕೇ ಹೋಗುತ್ತದೆ ಅಂತ ಇಟ್ಟುಕೊ. ಒಂದು ವಾರ ಮಾಡು, ಒಬ್ಬನೇ ಇನ್‌ಸ್ಟ್ರಕ್ಟರ್‌ನನ್ನು ಇಡೀ ವಾರಕ್ಕೆ ಹಿಡಿ, ದಿನಕ್ಕೊಬ್ಬ ಬದಲಾದರೆ ಪ್ರತಿ ದಿನ ಅ ಆ ಇ ಈಯಿಂದಲೇ ಶುರು. ನಿನಗೆ ಒಬ್ಬನಿಗೇ ಜಾಸ್ತಿ ರಜೆ ಸಿಗುವುದಾದರೆ ಅಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಅಲ್ಲಿಯ ಕೋರ್ಸ್ ಎಲ್ಲಕ್ಕಿಂತ ಒಳ್ಳೆಯದು. ಉತ್ತರಾಖಂಡದ ಔಲಿ ಹೇಗೆ ಅಂತಲೂ ನೀನು ಕೇಳಿದ್ದೆ. ಇಳಿಜಾರು ಚೆನ್ನಾಗಿದೆ, ಜನ ಕಮ್ಮಿ, ಆದರೆ ಹಿಮದ ನಂಬಿಕೆ ಗುಲ್ಮಾರ್ಗ್‌ಗಿಂತ ಕಮ್ಮಿ. ಮೊದಲ ಸಲಕ್ಕೆ ಗುಲ್ಮಾರ್ಗೇ ಸರಿ.

ದಕ್ಷಿಣದವರಿಗೆ ಯಾಕೆ ಬೇಕು ಹಿಮದ ಸಹವಾಸ ಅಂತ ನಿಮ್ಮಪ್ಪ ಬೈದರಂತೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳು. ಕಾಫಿ ತೋಟದ ಸೀಮೆಯವರು, ಅದೇ ಗುಲ್ಮಾರ್ಗ್‌ನಲ್ಲಿ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಪದಕ ಗೆದ್ದವರು. ಹಿಮ ಕಾಣದೆ ಬೆಳೆದರೂ ಕಲಿಯಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಇನ್ನೆರಡು ಸಣ್ಣ ವಿಷಯ. ಸನ್‌ಸ್ಕ್ರೀನ್ ಮರೆಯಬೇಡ. ಎತ್ತರ ಹೆಚ್ಚಿದಷ್ಟೂ ನೇರಳಾತೀತ ಕಿರಣ ಜಾಸ್ತಿ, ಹೊಸ ಹಿಮ ಅದರಲ್ಲಿ ಶೇ 80ರಷ್ಟನ್ನು ವಾಪಸ್ ಮುಖಕ್ಕೇ ಎಸೆಯಬಲ್ಲದು. ಗದ್ದದ ಕೆಳಗೆ, ಮೂಗಿನ ಅಡಿಗೆ ಕೂಡ ಹಚ್ಚಬೇಕು. ಮತ್ತೆ ನಿನ್ನದು ಪ್ರೀಪೇಯ್ಡ್ ಸಿಮ್ ಅಲ್ವಾ? ನಮ್ಮ ಕಡೆಯ ಪ್ರೀಪೇಯ್ಡ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಹೊರಡುವ ಮುಂಚೆ ಮನೆಯಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಮಾಡಿಸು. ತಾರೀಕು ಗೊತ್ತಾದಮೇಲೆ ಹೇಳು, ನನ್ನ ಗಾಗಲ್ಸ್ ಮತ್ತು ಗ್ಲೌಸ್ ಕೊರಿಯರ್ ಮಾಡುತ್ತೇನೆ.

ನಿನ್ನ,
ರಘು