ಹಣ್ಣು ಬೇಗ ಕಳಿಯದಂತೆ ಇಡುವುದು ಹೇಗೆ

ಎಲ್ಲರಿಗೂ ನಮಸ್ಕಾರ. ತಂದ ಹಣ್ಣು ಎರಡೇ ದಿನಕ್ಕೆ ಮೆತ್ತಗಾಗುತ್ತದೆ ಅಂತ ಹಲವರು ಕೇಳಿದ್ದೀರಿ. ಅದಕ್ಕೇ ಈ ಸೂಚನೆ.

ಮುಖ್ಯ ಕಾರಣ ಎಥಿಲೀನ್ ಅನ್ನುವ ಅನಿಲ. ಸೇಬು, ಬಾಳೆ, ಮಾವು, ಪಪ್ಪಾಯಿ ಮಾಗುವಾಗ ಇದನ್ನು ಬಿಡುತ್ತವೆ, ಪಕ್ಕದ ಕಾಯನ್ನೂ ಮಾಗಿಸುತ್ತವೆ. ಹಾಗಾಗಿ ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬಬೇಡಿ. ಸೇಬನ್ನಂತೂ ಬೇರೆಯೇ ಇಡಿ. ಪ್ಲಾಸ್ಟಿಕ್ ಕವರ್ ಗಂಟು ಕಟ್ಟಿಟ್ಟರೆ ಅನಿಲ ಒಳಗೇ ಉಳಿಯುತ್ತದೆ. ಮನೆಗೆ ಬಂದ ಕೂಡಲೇ ಬಿಚ್ಚಿಬಿಡಿ.

ಬಾಳೆಹಣ್ಣಿನದು ಸ್ವಲ್ಪ ಬೇರೆ ಕಥೆ. ಇನ್ನೂ ಹಸಿರಿದ್ದಾಗ ಫ್ರಿಜ್‌ನಲ್ಲಿಟ್ಟರೆ ಸುಮಾರು 13 ಡಿಗ್ರಿಗಿಂತ ಕೆಳಗಿನ ತಂಪಿಗೆ ಸಿಪ್ಪೆ ಕಪ್ಪಾಗುತ್ತದೆ, ಒಳಗೂ ಸರಿಯಾಗಿ ಮಾಗುವುದಿಲ್ಲ. ಹೊರಗೇ ನೆರಳಲ್ಲಿ ತೂಗುಹಾಕಿ. ಪೂರ್ತಿ ಹಣ್ಣಾದ ಮೇಲೆ ಫ್ರಿಜ್‌ಗೆ ಹಾಕಬಹುದು. ಆಗಲೂ ಸಿಪ್ಪೆ ಕಂದುತ್ತದೆ, ಆದರೆ ಸುಲಿದು ನೋಡಿ, ತಿರುಳು ಬೆಳ್ಳಗೆ ಗಟ್ಟಿಯಾಗಿಯೇ ಇರುತ್ತದೆ. ಬಣ್ಣ ನೋಡಿ ಸುಮ್ನೆ ಎಸೆಯಬೇಡಿ, ಪಾಪ ಒಳ್ಳೆಯ ಹಣ್ಣು ಅಲ್ವಾ!

ದ್ರಾಕ್ಷಿ, ಸ್ಟ್ರಾಬೆರಿ ಕಿತ್ತ ಮೇಲೆ ಮತ್ತೆ ಮಾಗುವುದಿಲ್ಲ. ತಂದ ದಿನವೇ ಫ್ರಿಜ್‌ಗೆ ಹಾಕಿ. ತೊಳೆದು ಇಡಬೇಡಿ, ತಿನ್ನುವಾಗ ತೊಳೆದರೆ ಸಾಕು. ತೇವ ಇದ್ದಲ್ಲಿ ಬೂಸ್ಟು ಜಾಸ್ತಿ. ಪೆಟ್ಟು ಬಿದ್ದ ಹಣ್ಣು ಕಂಡರೆ ಅದನ್ನು ಮೊದಲು ಆರಿಸಿ, ಅವತ್ತೇ ತಿಂದುಬಿಡಿ.