ನಮ್ಮ ಕಾಫಿ ಪುಡಿಯಲ್ಲಿ ಆಗುತ್ತಿರುವ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಮಂಡಿಪೇಟೆ ಅಂಗಡಿಯಲ್ಲಿ ಶೇ 40 ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) ಬೆರೆಸಿದ ಪುಡಿ ಮನೆಬಳಕೆಗೆ ಸಿಗುವುದಿಲ್ಲ. ಮೊದಲೇ ಬೀಸಿ ಕಟ್ಟಿಟ್ಟ ಪೊಟ್ಟಣವೂ ಇರುವುದಿಲ್ಲ. ನೀವು ಬಂದ ಮೇಲೆಯೇ ಬೀಜ ತೂಗಿ, ಬೀಸಿ ಕೊಡುತ್ತೇವೆ. ಜೊತೆಗೆ ಹುರಿಯುವ ಹದವನ್ನು ಈಗಿನದಕ್ಕಿಂತ ಒಂದು ಹಂತ ತಗ್ಗಿಸುತ್ತಿದ್ದೇವೆ. ಹೊಸ ಪುಡಿ ನಿಮ್ಮ ಫಿಲ್ಟರಿನಲ್ಲಿ ಹಳೆಯದರಂತೆ ಇಳಿಯುವುದಿಲ್ಲ, ಡಿಕಾಕ್ಷನ್ನಿನ ಬಣ್ಣವೂ ಬೇರೆ ಕಾಣುತ್ತದೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಬದಲಾವಣೆಗೆ ಕಾರಣ ನೀವು ಗಲ್ಲಾದ ಮುಂದೆ ನಿಂತು ಆಡಿದ ಮಾತುಗಳೇ. ದಿನಾ ಬೆಂಗಳೂರಿಗೆ ಓಡಾಡುವವರು, ಹೆದ್ದಾರಿ ಪಕ್ಕದ ದೊಡ್ಡ ಕಾಫಿ ಮಳಿಗೆಗಳಲ್ಲಿ ಗಾಡಿ ನಿಲ್ಲಿಸುವವರು, ರಜೆಗೆ ಊರಿಗೆ ಬಂದ ಮಕ್ಕಳು, ಎಲ್ಲರೂ ಆ ಕಾಫಿಯ ಬಗ್ಗೆ ಏನಾದರೊಂದು ಹೇಳುತ್ತೀರಿ. ಅಷ್ಟು ದುಡ್ಡು ಕೊಟ್ಟರೂ ಬಾಯಿ ಸುಡುವಷ್ಟು ಬಿಸಿ ಇರುವುದಿಲ್ಲ ಎನ್ನುವುದು ಒಂದು. ಸಕ್ಕರೆ ಹಾಕದಿದ್ದರೆ ಸುಟ್ಟ ಕಹಿ ಎನ್ನುವುದು ಇನ್ನೊಂದು. ಇಷ್ಟೆಲ್ಲ ದೂರಿದ ಮೇಲೆ ಬಹಳ ಮಂದಿ ಒಂದು ಮಾತು ಸೇರಿಸುತ್ತೀರಿ: "ಆದ್ರೆ ಯಾವ ಊರಿನ ಬ್ರಾಂಚಿಗೆ ಹೋದ್ರೂ ಒಂದೇ ರುಚಿ ಕಣ್ರೀ, ಮನೇಲಿ ಮಾಡಿದ್ರೆ ಇವತ್ತಿದ್ದಂಗೆ ನಾಳೆ ಇರಲ್ಲ." ನಮಗೆ ಮುಖ್ಯವಾಗಿ ಕಂಡದ್ದು ಈ ಕೊನೆಯ ಮಾತು.

ಬೀಜದಲ್ಲಿ ಅಂಥ ದೊಡ್ಡ ವ್ಯತ್ಯಾಸವಿಲ್ಲ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಮಳಿಗೆ ತೆರೆದ ಕೆಫೆ ಕಾಫಿ ಡೇ ಚಿಕ್ಕಮಗಳೂರಿನ ತೋಟಗಳ ಬಲದ ಮೇಲೆ ಬೆಳೆದದ್ದು. 2012ರ ಅಕ್ಟೋಬರಿನಲ್ಲಿ ಮುಂಬೈಗೆ ಬಂದ ಸ್ಟಾರ್‌ಬಕ್ಸ್ ಟಾಟಾದವರ ಜೊತೆಗೂಡಿ ಇಲ್ಲಿನ ಬೀಜವನ್ನೇ ಎಸ್ಪ್ರೆಸೊಗೆ (ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿಗೆ) ಬಳಸತೊಡಗಿತು. ನಾವು ತರಿಸುವ ಪ್ಲಾಂಟೇಷನ್ ಎ ಅರೇಬಿಕಾ (ತೊಳೆದು ಒಣಗಿಸಿದ ದಪ್ಪ ಬೀಜ), ರೊಬಸ್ಟಾ ಚೆರ್ರಿ (ಹಣ್ಣಿನ ಸಮೇತ ಒಣಗಿಸಿದ್ದು) ಎರಡೂ ಅದೇ ಮಲೆನಾಡಿನವು. ವ್ಯತ್ಯಾಸ ಇರುವುದು ಅಳತೆಯಲ್ಲಿ, ತಾಜಾತನದಲ್ಲಿ.

ಆ ದೊಡ್ಡ ಮಳಿಗೆಗಳ ಯಂತ್ರದ ಮುಂದೆ ನಿಂತು ನೋಡಿದರೆ ಇದು ತಿಳಿಯುತ್ತದೆ. ಬೀಜ ಆ ಗಳಿಗೆಯಲ್ಲೇ ಬೀಸಲ್ಪಡುತ್ತದೆ. ಡಬಲ್ ಶಾಟ್ (ಎರಡು ಪಾಲು ಎಸ್ಪ್ರೆಸೊ) ಎಂದರೆ ಸುಮಾರು 18 ಗ್ರಾಂ ಪುಡಿ, 9 ಬಾರ್ ಒತ್ತಡ (ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು), 90ರಿಂದ 96 ಡಿಗ್ರಿ ಬಿಸಿಯ ನೀರು, 25ರಿಂದ 30 ಸೆಕೆಂಡಿನಲ್ಲಿ ಲೋಟಕ್ಕಿಳಿಯುವ 36 ಗ್ರಾಂ ಆಸುಪಾಸಿನ ಕಾಫಿ. 20 ಸೆಕೆಂಡಿಗೇ ಇಳಿದರೆ ಗ್ರೈಂಡರನ್ನು ನುಣ್ಣಗೆ ತಿರುಗಿಸುತ್ತಾರೆ, 40 ಹಿಡಿದರೆ ತರಿಯಾಗಿಸುತ್ತಾರೆ. ಯಾರೇ ನಿಂತು ಮಾಡಿದರೂ ರುಚಿ ಹೆಚ್ಚು ಕಮ್ಮಿ ಒಂದೇ ಬರುವುದು ಈ ಶಿಸ್ತಿನಿಂದ. ಇದನ್ನು ಮನೆಯ ಫಿಲ್ಟರಿಗೆ ತರಲು ದುಬಾರಿ ಯಂತ್ರ ಬೇಕಿಲ್ಲ. ಒಂದು ಸಣ್ಣ ತಕ್ಕಡಿ, ಗಡಿಯಾರ, ಹೊಸದಾಗಿ ಬೀಸಿದ ಪುಡಿ ಸಾಕು.

ಬಿಸಿಯ ವಿಷಯದಲ್ಲಿ ಮಾತ್ರ ಅವರನ್ನು ದೂರುವುದು ಸರಿಯಲ್ಲ. ಹಬೆ ಊದಿ ನೊರೆ ಮಾಡುವ ಹಾಲನ್ನು 60ರಿಂದ 65 ಡಿಗ್ರಿಗೆ ನಿಲ್ಲಿಸುವುದು ಬೇಕೆಂದೇ. ಅಷ್ಟರಲ್ಲಿ ಹಾಲಿನ ಸಿಹಿ ಚೆನ್ನಾಗಿ ತಿಳಿಯುತ್ತದೆ, ನೊರೆ ಸಣ್ಣದಾಗಿ ನಿಲ್ಲುತ್ತದೆ. 70 ದಾಟಿದರೆ ನೊರೆ ಒಡೆದು ಕಾಸಿದ ಹಾಲಿನ ವಾಸನೆ ಮುಂದಾಗುತ್ತದೆ. ನಮ್ಮ ಮನೆಗಳಲ್ಲಿ ಹಾಲು ಉಕ್ಕಿ ಬಂದ ಕೂಡಲೇ ಡಿಕಾಕ್ಷನ್ನಿಗೆ ಸುರಿಯುತ್ತೇವೆ, ಲೋಟ ಬಟ್ಟಲಲ್ಲಿ ಎತ್ತಿ ಹೊಯ್ದು ಆರಿಸಿಕೊಳ್ಳುತ್ತೇವೆ. ಎರಡೂ ಪದ್ಧತಿಗೆ ಅದರದರ ಲೆಕ್ಕವಿದೆ. ಆ ಮಳಿಗೆಗಳಲ್ಲಿ ಹೆಚ್ಚು ಬಿಸಿ ಮಾಡಿ ಎಂದು ಮೊದಲೇ ಹೇಳಿದರೆ ಮಾಡಿಕೊಡುತ್ತಾರೆ.

ಕಹಿಯ ಮಾತು ಬೇರೆ. ಬೀಜ ಹುರಿಯುವಾಗ 196 ಡಿಗ್ರಿ ಆಸುಪಾಸಿನಲ್ಲಿ ಅರಳು ಸಿಡಿದಂತೆ ಮೊದಲ ಸದ್ದು ಬರುತ್ತದೆ. 224ರ ಹತ್ತಿರ ಎರಡನೇ ಸಿಡಿತ, ಸಣ್ಣಗೆ, ಒಣ ಕಡ್ಡಿ ಮುರಿದ ಹಾಗೆ. ಎರಡನೆಯದನ್ನೂ ದಾಟಿಸಿದರೆ ಬೀಜದ ಮೈಮೇಲೆ ಎಣ್ಣೆ ಮಿನುಗುತ್ತದೆ, ತೋಟ ತೋಟದ ಗುಣ ಅಳಿಸಿ ಹೋಗುತ್ತದೆ, ಉಳಿಯುವುದು ಕರಕಲಿನ ರುಚಿ. ನೂರಾರು ಮಳಿಗೆಗಳಿಗೆ ವರ್ಷವಿಡೀ ಒಂದೇ ರುಚಿ ಕೊಡಬೇಕಾದವರಿಗೆ ಕಡುಹುರಿ ಅನುಕೂಲ: ಬೇರೆ ಬೇರೆ ಸಲ ಬಂದ ಬೀಜದ ಏರುಪೇರು ಅದರಲ್ಲಿ ಮುಚ್ಚಿಹೋಗುತ್ತದೆ, ದೊಡ್ಡ ಲೋಟದ ಹಾಲು, ಸಿರಪ್ಪುಗಳನ್ನು ದಾಟಿ ಕಾಫಿಯ ರುಚಿ ಮೇಲೆ ಬರುತ್ತದೆ. ನಮಗೆ ಆ ಅಗತ್ಯವಿಲ್ಲ. ಎರಡನೇ ಸಿಡಿತ ಶುರುವಾಗುವ ಮುಂಚೆಯೇ ನಾವು ಬೀಜವನ್ನು ಹೊರಗೆ ಸುರಿದು ತಣಿಸುತ್ತೇವೆ. ಕಹಿ ತಗ್ಗುತ್ತದೆ, ತುಸು ಹುಳಿಯ ಜೀವ ಉಳಿಯುತ್ತದೆ. ಕಡುಹುರಿಗೆ ಒಗ್ಗಿದ ನಾಲಿಗೆಗೆ ಮೊದಲ ವಾರ ಸಪ್ಪೆ ಅನ್ನಿಸಬಹುದು. ದಯವಿಟ್ಟು ಆ ವಾರ ಪುಡಿ ಹೆಚ್ಚಿಸಿ ನೋಡಿ, ಸಕ್ಕರೆ ಹೆಚ್ಚಿಸಬೇಡಿ.

ಇನ್ನು ಚಿಕೋರಿ. ಕಾನೂನಿನ ಪ್ರಕಾರ ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕು. ಹಾಗಾಗಿ ಶೇ 40 ನಿಯಮದೊಳಗಿನ ಮಿಶ್ರಣವೇ. ಆದರೂ ನಿಲ್ಲಿಸುತ್ತಿರುವುದು ಏಕೆಂದರೆ, ಹುರಿದ ಕಾಫಿ ಪುಡಿಯಲ್ಲಿ ನೀರಿಗೆ ಕರಗುವ ಅಂಶ ಸುಮಾರು ಮೂರನೇ ಒಂದು ಭಾಗ. ಚಿಕೋರಿಯಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಕರಗಿಬಿಡುತ್ತದೆ. ಬಣ್ಣವೂ ಗಟ್ಟಿತನವೂ ಅಲ್ಲಿಂದಲೇ ಬರುವಾಗ ಡಿಕಾಕ್ಷನ್ ಕಪ್ಪಗಿದ್ದರೂ ಕಾಫಿ ಕಡಿಮೆಯೇ ಇರುತ್ತದೆ, ಪುಡಿ ಹಳತಾದರೂ ಗೊತ್ತಾಗುವುದಿಲ್ಲ. ಚಿಕೋರಿಯಲ್ಲಿ ಕೆಫೀನ್ ಕೂಡ ಇಲ್ಲ. ತಾಜಾ ಬೀಸಿ ಕೊಡುವ ಶ್ರಮ ವ್ಯರ್ಥವಾಗಬಾರದಲ್ಲ. ಶುದ್ಧ ಕಾಫಿ, ಶೇ 10, ಶೇ 20, ಇವು ಮೂರೂ ಇರುತ್ತವೆ. ಈವರೆಗೆ ಶೇ 40 ಕುಡಿದವರು ನೇರ ಶುದ್ಧ ಕಾಫಿಗೆ ಹಾರದೆ ಶೇ 20ರಿಂದ ಆರಂಭಿಸಿ.

ಈಗ ಫಿಲ್ಟರಿನ ಲೆಕ್ಕ. 20 ಗ್ರಾಂ ಪುಡಿ ತೆಗೆದುಕೊಳ್ಳಿ. ತಕ್ಕಡಿ ಇಲ್ಲದಿದ್ದರೆ ತಲೆ ಸವರಿದ ನಾಲ್ಕು ಟೇಬಲ್ ಚಮಚ. ಮೇಲಿನ ಪಾತ್ರೆ ಒಣಗಿರಲಿ. ಪುಡಿ ಹಾಕಿ ಪಾತ್ರೆಯನ್ನು ಒಮ್ಮೆ ಮೆಲ್ಲಗೆ ತಟ್ಟಿ ಸಮ ಮಾಡಿ, ಒತ್ತುಬಿಲ್ಲೆಯನ್ನು ಅದರ ಭಾರಕ್ಕೇ ಕೂರಿಸಿ, ಬೆರಳಿಂದ ಒತ್ತಬೇಡಿ. ತುಮಕೂರು 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ನಮ್ಮಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟರೆ ಬೇಕಾದ ಬಿಸಿ ಸಿಕ್ಕಿತು. ಮೊದಲು ಪುಡಿ ನೆನೆಯುವಷ್ಟು, ಅಂದರೆ 30 ಮಿಲಿ ಸುತ್ತಲೂ ಹೊಯ್ದು ಅರ್ಧ ನಿಮಿಷ ಕಾಯಿರಿ. ಪುಡಿ ಉಬ್ಬಿ ಗುಳ್ಳೆ ಬರಬೇಕು. ಹುರಿದಾಗ ಬೀಜದೊಳಗೆ ಉಳಿದ ಇಂಗಾಲದ ಡೈಆಕ್ಸೈಡ್ ಹೊರಬರುವ ಗುರುತು ಅದು. ಗುಳ್ಳೆಯೇ ಇಲ್ಲದಿದ್ದರೆ ಪುಡಿ ಹಳತಾಗಿದೆ ಎಂದರ್ಥ. ನಂತರ ಉಳಿದ 90 ಮಿಲಿ ಹಾಕಿ ಮುಚ್ಚಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ ಸಿಗುವುದು 80 ಮಿಲಿ ಡಿಕಾಕ್ಷನ್. ಒಂದಕ್ಕೆ ಮೂರು ಹಾಲು ಬೆರೆಸಿದರೆ ಎರಡು ದೊಡ್ಡ ಲೋಟ ಕಾಫಿ.

ಇಳಿಯಲು 10ರಿಂದ 15 ನಿಮಿಷ ಸರಿ. ಚಿಕೋರಿ ನೀರು ಕುಡಿದು ಉಬ್ಬಿ ದಾರಿ ಕಟ್ಟುತ್ತದೆ. ಅದು ಕಡಿಮೆಯಾದ್ದರಿಂದ ಹೊಸ ಪುಡಿ ಬೇಗ ಇಳಿಯುತ್ತದೆ. ನಾಲ್ಕೈದು ನಿಮಿಷಕ್ಕೇ ಖಾಲಿಯಾಗಿ ಕಾಫಿ ನೀರುನೀರಾಗಿ, ಹುಳಿಯಾಗಿ ಬಂದರೆ ಪುಡಿ ನಿಮ್ಮ ಫಿಲ್ಟರಿಗೆ ತರಿಯಾಯಿತು. ಅರ್ಧ ಗಂಟೆಯಾದರೂ ಇಳಿಯದೆ ಒಗರು ಕಹಿಯಾದರೆ ತೀರಾ ನುಣ್ಣಗಾಯಿತು, ಇಲ್ಲವೇ ಒತ್ತಿದ್ದು ಜಾಸ್ತಿ. ಯಾವುದೆಂದು ಹೇಳಿದರೆ ಮುಂದಿನ ಸಲ ಗ್ರೈಂಡರನ್ನು ಅದಕ್ಕೆ ತಕ್ಕಂತೆ ಇಟ್ಟು, ಆ ನಂಬರನ್ನು ನಿಮ್ಮ ಪೊಟ್ಟಣದ ಮೇಲೆ ಬರೆದುಕೊಡುತ್ತೇವೆ.

ಒಂದು ಹನಿಯೂ ಬೀಳದೆ ಪೂರ್ತಿ ನಿಂತುಬಿಟ್ಟರೆ ಪುಡಿಯನ್ನು ಬೈಯುವ ಮುಂಚೆ ಎರಡು ಪಾತ್ರೆ ಕೂಡುವ ಜಾಗ ನೋಡಿ. ಬಿಗಿಯಾಗಿ ಕೂತಿದ್ದರೆ ಕೆಳಗಿನ ಪಾತ್ರೆಯ ಗಾಳಿಗೆ ಹೊರಹೋಗಲು ದಾರಿ ಇರುವುದಿಲ್ಲ, ಆ ಒತ್ತಡವೇ ಡಿಕಾಕ್ಷನ್ನನ್ನು ತಡೆಯುತ್ತದೆ. ಮೇಲಿನದನ್ನು ಕೂದಲೆಳೆಯಷ್ಟು ಎತ್ತಿ ಓರೆ ಮಾಡಿದರೆ ಸಾಕು, ಟಪಟಪ ಶುರುವಾಗುತ್ತದೆ. ಆಗಲೂ ಇಳಿಯದಿದ್ದರೆ ತೊಳೆದ ಮೇಲೆ ಪಾತ್ರೆಯನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡಿ. ಕಾಫಿ ಎಣ್ಣೆಗೆ ಗಷ್ಟು ಅಂಟಿ ಅರ್ಧ ತೂತು ಕಟ್ಟಿಕೊಂಡಿರುತ್ತದೆ. ಸ್ಟೀಲ್ ಫಿಲ್ಟರಾದರೆ ತಳವನ್ನು ಸಣ್ಣ ಉರಿಗೆ ಹಿಡಿದು ಸುಟ್ಟು ಉಜ್ಜಿದರೆ ತೆರೆದುಕೊಳ್ಳುತ್ತವೆ. ಹಿತ್ತಾಳೆಯದಕ್ಕೆ ಬೆಂಕಿ ಬೇಡ, ಅಡಿಗೆ ಸೋಡಾ ಹಾಕಿದ ಬಿಸಿನೀರಲ್ಲಿ ರಾತ್ರಿ ನೆನೆಹಾಕಿ.

ನೀರಿನ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಹೇಳಲೇಬೇಕು. ಗಡಸು ಬೋರ್‌ವೆಲ್ ನೀರು ಕಾಫಿಯ ಹುಳಿಯನ್ನು ನುಂಗಿ ಮಂಕಾಗಿಸುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲಿ ಲವಣವೇ ಬಹುತೇಕ ಇರುವುದಿಲ್ಲವಾದ್ದರಿಂದ ರುಚಿ ತೆಳ್ಳಗೆ, ಮೊನಚಾಗಿ ಬರುತ್ತದೆ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನದಿಯ ನಲ್ಲಿ ನೀರು ಇರುವ ಮನೆಗಳು ಅದನ್ನೇ ಸೋಸಿ ಬಳಸಬಹುದು. ಉಳಿದವರು ಕ್ಯಾನ್ ನೀರಲ್ಲೇ ಮಾಡಿ, ಪುಡಿಯನ್ನು ಒಂದೆರಡು ಗ್ರಾಂ ಹೆಚ್ಚಿಸಿ. ಪಾವಗಡದ ಕಡೆಯಂತೆ ಫ್ಲೋರೈಡ್ ಇರುವ ಊರುಗಳಲ್ಲಿ ರುಚಿಗಾಗಿ ಬೋರ್ ನೀರು ಬೆರೆಸಲು ಹೋಗಬೇಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಹಾಲು ಒಂದೇ ಸಲ ಕಾಸಿದ್ದಾಗಿರಲಿ. ಬೆಳಿಗ್ಗೆ ಕಾಸಿದ್ದನ್ನು ಸಂಜೆ ಮತ್ತೆ ಮತ್ತೆ ಕುದಿಸಿದರೆ ಯಾವ ಪುಡಿಯೂ ಅದನ್ನು ಮುಚ್ಚಲಾರದು.

ಪುಡಿಯನ್ನು ಒಮ್ಮೆಗೆ 250 ಗ್ರಾಂಗಿಂತ ಹೆಚ್ಚು ಕೊಡುವುದಿಲ್ಲ, ಏಕೆಂದರೆ ಬೀಸಿದ ಪುಡಿಯ ಘಮ ಎರಡು ವಾರದಲ್ಲಿ ಬಹುಪಾಲು ಹೋಗುತ್ತದೆ. ದೂರದಿಂದ ಬರುವವರು, ಮನೆಯಲ್ಲಿ ಗ್ರೈಂಡರ್ ಇರುವವರು ಇಡೀ ಬೀಜವನ್ನೇ ಒಂದು ಕೆಜಿವರೆಗೆ ಒಯ್ಯಬಹುದು, ಅದು ಒಂದು ತಿಂಗಳು ಚೆನ್ನಾಗಿರುತ್ತದೆ. ಪುಡಿ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ: ಹೊರತೆಗೆದಾಗಲೆಲ್ಲ ಒಳಗೆ ತೇವ ಕೂರುತ್ತದೆ. ಮೋಕಾ ಪಾಟ್, ಫ್ರೆಂಚ್ ಪ್ರೆಸ್ ಇರುವವರು ಮೊದಲೇ ಹೇಳಿ, ಬೀಸುವ ತರಿ ಬೇರೆ. ಪ್ರತಿ ಪೊಟ್ಟಣದ ಮೇಲೂ ಹುರಿದ ದಿನ ಇರುತ್ತದೆ.

ಬೆಲೆ ಏರುತ್ತದೆ. ಅಗ್ಗದ ಚಿಕೋರಿಯ ಜಾಗಕ್ಕೆ ಕಾಫಿ ಬರುತ್ತಿದೆ. ಒಂದು ಕೆಜಿ ಹಸಿ ಬೀಜ ಹುರಿದರೆ ಕೈಗೆ ಸಿಗುವುದು 820ರಿಂದ 850 ಗ್ರಾಂ ಮಾತ್ರ. ಪುಡಿ ಕೆಜಿಗೆ ಸಾವಿರ ರೂಪಾಯಿ ಎಂದೇ ಇಟ್ಟುಕೊಂಡರೂ ಒಂದು ದೊಡ್ಡ ಲೋಟಕ್ಕೆ ಹಿಡಿಯುವ 10 ಗ್ರಾಂಗೆ ಹತ್ತು ರೂಪಾಯಿ. ದೊಡ್ಡ ಮಳಿಗೆಯಲ್ಲಿ ನೀವು ಕೊಡುವ ಹಣದ ದೊಡ್ಡ ಪಾಲು ಬಾಡಿಗೆ, ಸಂಬಳ, ಎಸಿ, ಕುಳಿತು ಮಾತಾಡುವ ಜಾಗಕ್ಕೆ ಹೋಗುತ್ತದೆ. ಅದು ಬೇಕಾದಾಗ ಅಲ್ಲಿಗೆ ಹೋಗುವುದರಲ್ಲಿ ತಪ್ಪೇನಿಲ್ಲ.

ಕ್ಯಾತ್ಸಂದ್ರ, ಬಟವಾಡಿ ಕಡೆಯ ಹೋಟೆಲಿನವರಿಗೆ ಶೇ 30ರ ಮಿಶ್ರಣವನ್ನು 5 ಕೆಜಿ ಮೇಲ್ಪಟ್ಟ ಆರ್ಡರಿಗೆ ಮುಂದುವರಿಸುತ್ತೇವೆ. ಬಟ್ಟೆಯಲ್ಲಿ ಸೋಸಿ ಗಂಟೆಗಟ್ಟಲೆ ಇಡುವ ಡಿಕಾಕ್ಷನ್ನಿಗೆ ಚಿಕೋರಿಯ ಗಟ್ಟಿತನ ಬೇಕಾಗುತ್ತದೆ, ಅದು ನಮಗೂ ಗೊತ್ತು. ಹಿಂದಿನ ದಿನ ಹೇಳಿದರೆ ಬೆಳಿಗ್ಗೆ ಬೀಸಿ ಇಟ್ಟಿರುತ್ತೇವೆ.

ಒಡೆಯದ ಹಳೆಯ ಶೇ 40ರ ಪೊಟ್ಟಣ ಮನೆಯಲ್ಲಿದ್ದರೆ ತಿಂಗಳ ಕೊನೆಯೊಳಗೆ ತಂದುಕೊಡಿ. ಅದರ ಬೆಲೆಯನ್ನು ಹೊಸ ಪುಡಿಗೆ ಜಮಾ ಮಾಡಿಕೊಳ್ಳುತ್ತೇವೆ.

ಇಂತಿ,
ಕಾಫಿ ಪುಡಿ ಅಂಗಡಿಯ ಬಳಗ
ಮಂಡಿಪೇಟೆ, ತುಮಕೂರು